ಹೇಳಿಕೊಟ್ಟು ಕಲಿತವರು

ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಹಳ್ಳಿಶಾಲೆಗಳಲ್ಲಿ ಒಂದನೆಯ ತರಗತಿಗೆ ಸೇರುವ ಅನೇಕ ಮಕ್ಕಳ ಮನೆಮಾತು ತೆಲುಗು. ಅವರಿಗೆ ಕರಿಹಲಗೆಯ ಮೇಲಿನ ಅಕ್ಷರವಷ್ಟೇ ಅಲ್ಲ, ಉಪಾಧ್ಯಾಯರ ಬಾಯಿಂದ ಬರುವ ಮಾತೂ ಹೊಸದು. ಉಪಾಧ್ಯಾಯರು ದೂರದ ಜಿಲ್ಲೆಯಿಂದ ಬಂದವರಾದರೆ ತೊಡಕು ಇಮ್ಮಡಿಯಾಗುತ್ತದೆ. ಆಗ ಎರಡು ಭಾಷೆಗಳನ್ನೂ ಬಲ್ಲ ಪಕ್ಕದ ಮಗು ಮೆಲ್ಲನೆ ಬಾಗಿ, ‘ಮರ ಅಂಟೆ ಚೆಟ್ಟು’ ಎಂದು ಪಿಸುಗುಟ್ಟುತ್ತದೆ. ಇದನ್ನು ಯಾರೂ ಆ ಮಗುವಿಗೆ ವಹಿಸಿದ್ದಲ್ಲ. ಎಷ್ಟೋ ಸಲ ‘ಮಾತಾಡಬೇಡ’ ಎಂಬ ಗದರಿಕೆಯೇ ಅದಕ್ಕೆ ದೊರೆಯುವ ಬಹುಮಾನ.

ಆದರೆ ಆ ಪಿಸುಮಾತಿನಿಂದ ಲಾಭ ಪಡೆಯುವುದು ಕೇಳುವ ಮಗು ಒಂದೇ ಅಲ್ಲ. ದಿನವೂ ಹೀಗೆ ಹೇಳಿಕೊಡುವ ಮಗುವಿಗೆ ಒಂದು ಸಂಗತಿ ತಾನಾಗಿ ಹೊಳೆಯತೊಡಗುತ್ತದೆ. ಕನ್ನಡದ ಹಾಲು ತೆಲುಗಿನಲ್ಲಿ ಪಾಲು, ಹುಲಿ ಪುಲಿ, ಹೂವು ಪೂವು. ಹಳಗನ್ನಡದ ಪಕಾರವು ಮುಂದೆ ಹಕಾರವಾಯಿತೆಂದು ಪ್ರೌಢಶಾಲೆಯ ಪಂಡಿತರು ವಿವರಿಸುವ ಹೊತ್ತಿಗೆ ಈ ಮಗು ಆ ನಿಯಮದ ಬಾಗಿಲವರೆಗೆ ಎಂದೋ ಹೋಗಿ ಬಂದಿರುತ್ತದೆ. ತನಗೆ ತಿಳಿದಿದೆಯೆಂದು ಸುಮ್ಮನೆ ಕುಳಿತ ಮಗುವಿಗೆ ಇದು ದಕ್ಕುವುದಿಲ್ಲ.

ಸಹಪಾಠಿಯು ಸಹಪಾಠಿಗೆ ಕಲಿಸುವ ಈ ಕ್ರಮ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಹಳೆಯ ಮೈಸೂರಿನಲ್ಲಿ ಕೂಲಿಮಠವೆಂದೂ ಉತ್ತರದ ಕಡೆ ಐಗಳ ಮಠವೆಂದೂ ಕರೆಯಲ್ಪಡುತ್ತಿದ್ದ ಊರ ಶಾಲೆಗಳಲ್ಲಿ ಒಬ್ಬರೇ ಗುರುಗಳು ಎಲ್ಲ ವಯಸ್ಸಿನ ಮಕ್ಕಳನ್ನೂ ನೋಡಿಕೊಳ್ಳಬೇಕಾಗಿತ್ತು. ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್ 1823ರಲ್ಲಿ ಮದರಾಸು ಸರ್ಕಾರಕ್ಕೆ ಬರೆದ ವರದಿಯಲ್ಲಿ ಅಂಥ ಶಾಲೆಗಳ ಚಿತ್ರ ಉಳಿದಿದೆ. ಆ ಜಿಲ್ಲೆಯಲ್ಲಿ ಅವರು ಎಣಿಸಿದ ಶಾಲೆಗಳು 533, ವಿದ್ಯಾರ್ಥಿಗಳು 6,641. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈಯ ಮೇಲೆ ಸರಸ್ವತಿಯ ಹೆಸರು. ಎರಡನೆಯವನ ಅಂಗೈಗೆ ಒಂದು ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಂದ ಮುಂದಕ್ಕೆ ಒಂದೊಂದಾಗಿ ಏರುವ ಬೆತ್ತದ ಏಟು. ಮರಳಿನ ಮೇಲೆ ಬೆರಳಿಂದ ಅಕ್ಷರ ತಿದ್ದಿ, ಬಳಿಕ ಕಡತ ಬಳಪಗಳಿಗೆ ಬಡ್ತಿ. ಕೆಳತರಗತಿಯ ಮಕ್ಕಳನ್ನು ಬಹುಮಟ್ಟಿಗೆ ಮೇಲಿನ ತರಗತಿಯವರೇ ನೋಡಿಕೊಳ್ಳುತ್ತಿದ್ದರು. ಆ ಶಾಲೆಗಳಲ್ಲಿ ಅನೇಕ ಕುಂದುಗಳನ್ನು ಕಂಡ ಕ್ಯಾಂಬೆಲ್ ಈ ಏರ್ಪಾಡನ್ನು ಮಾತ್ರ ಮನಸಾರೆ ಮೆಚ್ಚಿದರು. ಮುಂದುವರಿದ ವಿದ್ಯಾರ್ಥಿ ಹಿಂದಿದ್ದವನಿಗೆ ಕಲಿಸುತ್ತಲೇ ತನ್ನ ತಿಳಿವನ್ನು ಗಟ್ಟಿಮಾಡಿಕೊಳ್ಳುತ್ತಾನೆಂಬುದನ್ನು ಅವರು ಸ್ಪಷ್ಟವಾಗಿ ಗುರುತಿಸಿದ್ದಾರೆ.

ಇಂಗ್ಲೆಂಡ್ ಇದನ್ನು ಅನುಕರಿಸಿತೆಂದೂ ಅವರು ಹೇಳುತ್ತಾರೆ. ಮದರಾಸಿನ ಎಗ್ಮೋರಿನ ಅನಾಥಾಲಯದ ಮೇಲ್ವಿಚಾರಕರಾಗಿದ್ದ ಆಂಡ್ರೂ ಬೆಲ್, ದೇಶೀ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ತಮ್ಮಲ್ಲೂ ಅದನ್ನು ತರಲು ಬಯಸಿದರು. ಸಹಾಯಕ ಶಿಕ್ಷಕರು ಅದಕ್ಕೆ ಒಲಿಯಲಿಲ್ಲ. ಬೆಲ್ ಆ ಕೆಲಸವನ್ನು ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಬಾಲಕನಿಗೆ ಒಪ್ಪಿಸಿದರು. ಹುಡುಗ ಗೆದ್ದ. 1797ರಲ್ಲಿ ಬೆಲ್ ಲಂಡನ್ನಿನಲ್ಲಿ ಪ್ರಕಟಿಸಿದ ವರದಿಯಿಂದ ‘ಮದರಾಸು ಪದ್ಧತಿ’ ಎಂಬ ಹೆಸರು ಹರಡಿತು. ಆದರೆ ಕಡಲು ದಾಟಿದ ಮೇಲೆ ಅದರ ಸ್ವರೂಪ ಬದಲಾಯಿತು. ಜೋಸೆಫ್ ಲ್ಯಾಂಕಾಸ್ಟರ್ ಮೊದಲಾದವರ ಶಾಲೆಗಳಲ್ಲಿ ನೂರಾರು ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂಡಿಸಿ, ಹಿರಿಯ ಹುಡುಗರಿಂದ ಉರುಹೊಡೆಸಲಾಯಿತು. ತಪ್ಪಿದವರ ಕೊರಳಿಗೆ ಮರದ ದಿಮ್ಮಿ ಕಟ್ಟುವಂಥ ಶಿಕ್ಷೆಗಳೂ ಬಂದವು. ಅಲ್ಲಿ ಹೇಳಿಕೊಡುವವನು ಗೆಳೆಯನಾಗಿ ಉಳಿಯದೆ ಮೇಸ್ತ್ರಿಯಾದ. ಇಂದಿಗೂ ತರಗತಿಯ ಮುಂದಾಳುವಿನ ಕೈಗೆ ಸೀಮೆಸುಣ್ಣ ಕೊಟ್ಟು ‘ಗಲಾಟೆ ಮಾಡಿದವರ ಹೆಸರು ಬರೆ’ ಎನ್ನುವಲ್ಲಿ ಆ ಮೇಸ್ತ್ರಿಯ ನೆರಳು ಕಾಣುತ್ತದೆ.

ಚಿಕ್ಕಬಳ್ಳಾಪುರದ ಸೀಮೆಯವರಿಗೆ ಈ ವಿಷಯದಲ್ಲಿ ಮನೆಯಂಗಳದ ನಿದರ್ಶನಗಳೇ ಇವೆ. ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಜನಿಸಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದಲ್ಲಿ ಓದಿ, ತಂದೆಯನ್ನು ಕಳೆದುಕೊಂಡು, ಸೋದರಮಾವನ ಆಸರೆಯಲ್ಲಿ ಬೆಂಗಳೂರಿನ ವ್ಯಾಸಂಗ ಮುಂದುವರಿಸಿದರು. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಖರ್ಚಿಗಾಗಿ ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಹೀಗೆ ಕಲಿಯುತ್ತ ಕಲಿಸುತ್ತ 1881ರಲ್ಲಿ ಬಿ.ಎ. ಮುಗಿಸಿದರು. ಆ ಮನೆಪಾಠವೇ ಅವರನ್ನು ಮಹಾ ಎಂಜಿನಿಯರರನ್ನಾಗಿ ಮಾಡಿತೆಂದರೆ ಅತಿಶಯೋಕ್ತಿಯಾದೀತು. ಪಾಠ ಹೇಳಿದ್ದರಿಂದ ಅವರ ಓದು ಕೆಡಲಿಲ್ಲವೆಂಬಷ್ಟು ಮಾತ್ರ ನಿಶ್ಚಯ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರದು ಇನ್ನೊಂದು ಬಗೆ. ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಹೋಗಿ 1935ರಲ್ಲಿ ನ್ಯಾಷನಲ್ ಹೈಸ್ಕೂಲು ಸೇರಿದ ಈ ಬಡ ವಿದ್ಯಾರ್ಥಿ, ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡದಲ್ಲಿ ಹೇಳಿದರು. ದೊಡ್ಡವರ ಮಾತನ್ನು ತನ್ನೊಡನಾಡಿಗಳಿಗೆ ಅರ್ಥವಾಗುವಂತೆ ತಿರುಗಿಸುವ ಆ ಕ್ಷಣದ ಹೊಣೆ, ಒಂದನೆಯ ತರಗತಿಯಲ್ಲಿ ‘ಮರ ಅಂಟೆ ಚೆಟ್ಟು’ ಎನ್ನುವ ಮಗುವಿನ ಹೊಣೆಗಿಂತ ಬೇರೆ ಜಾತಿಯದಲ್ಲ. ಮುಂದೆ ಅವರು ಭೌತವಿಜ್ಞಾನದ ಅಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಹೆಸರಾದರೂ ವಿದ್ಯಾರ್ಥಿನಿಲಯದ ಕೋಣೆಯನ್ನು ಬಿಡದೆ ಹುಡುಗರ ನಡುವೆಯೇ ಬಾಳಿ, 2005ರಲ್ಲಿ ತೀರಿಕೊಂಡರು.

ಇಷ್ಟಾದರೂ ಚೆನ್ನಾಗಿ ಓದುವ ಮಕ್ಕಳ ತಂದೆತಾಯಿಗಳಲ್ಲಿ ಒಂದು ಅಳಲು ಇದ್ದೇ ಇರುತ್ತದೆ: ಹತ್ತನೆಯ ತರಗತಿಯ ಪರೀಕ್ಷೆ ಮುಂದಿರುವಾಗ ತಮ್ಮ ಮಗ ಇತರರಿಗಾಗಿ ಹೊತ್ತು ಕಳೆಯುವುದೇಕೆ? ಈ ಅಳಲನ್ನು ಸ್ವಾರ್ಥವೆಂದು ತಳ್ಳಿಹಾಕುವುದು ಸರಿಯಲ್ಲ. ಮಳೆಯನ್ನೋ ಕೊಳವೆಬಾವಿಯನ್ನೋ ನಂಬಿದ ಮನೆಗಳಲ್ಲಿ ಆ ಪರೀಕ್ಷೆಯೇ ಹೊರದಾರಿ. ಶಾಲೆಯೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು: ಖಾಲಿ ಬಿದ್ದ ಶಿಕ್ಷಕರ ಹುದ್ದೆಗೆ ಜಾಣ ಹುಡುಗನೊಬ್ಬನನ್ನು ಕಟ್ಟಿಹಾಕುವುದು ಅನ್ಯಾಯ. ಆದರೆ ದಿನಕ್ಕೆ ಅರ್ಧ ಗಂಟೆಯ ಹೇಳಿಕೆ ಕೇಳಿಕೆಯ ಮಾತೇ ಬೇರೆ. ಪೀಟರ್ ಕೋಹೆನ್ ಮತ್ತು ಕುಲಿಕ್‌ದ್ವಯರು ಇಂಥ 65 ಅಧ್ಯಯನಗಳನ್ನು ಒಟ್ಟುಗೂಡಿಸಿ 1982ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಕಲಿಸಿಕೊಂಡವರಷ್ಟೇ ಅಲ್ಲದೆ ಕಲಿಸಿದ ವಿದ್ಯಾರ್ಥಿಗಳೂ ಆ ವಿಷಯದಲ್ಲಿ ಮುಂದುವರಿದುದು ಕಂಡುಬಂತು. ಚಿಂತಾಮಣಿಯಿಂದ ಗಡಿಯಾಚೆಗಿರುವ ಮದನಪಲ್ಲಿಯ ಬಳಿಯ ರಿಷಿವ್ಯಾಲಿಯಿಂದ ಸ್ಫೂರ್ತಿ ಪಡೆದು, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲೂ ಸಹಪಾಠಿಗಳ ನೆರವಿನಿಂದ ಕಲಿಯುವ ಗುಂಪಿಗೆ ಸ್ಥಾನ ದೊರೆಯಿತು.

ಲಾಭ ಹೇಗೆ ಬರುತ್ತದೆಂಬುದನ್ನು ಶಿಡ್ಲಘಟ್ಟದ ಕಡೆಯ ರೇಷ್ಮೆ ಮನೆಯೊಂದರಲ್ಲಿ ಊಹಿಸಿಕೊಳ್ಳಬಹುದು. ನಾಲ್ಕನೆಯ ಜ್ವರ ಎದ್ದ ಹುಳುಗಳಿಗೆ ಸುಮಾರು ಒಂದು ವಾರ ಹಗಲಿರುಳು ಸೊಪ್ಪು ಸಾಲದು. ಹಣ್ಣಾದ ಹುಳುಗಳನ್ನು ಆಯ್ದು ಚಂದ್ರಿಕೆಗೆ ಬಿಡುವಾಗ ಮನೆಯ ಮಕ್ಕಳ ಕೈಯೂ ಬೇಕು. ಶಾಲೆ ತಪ್ಪಿದ ಅಂಥ ಹುಡುಗನಿಗೆ ಗೆಳೆಯನೊಬ್ಬ ಸಂಜೆ ಭಿನ್ನರಾಶಿಯ ಭಾಗಾಕಾರ ಹೇಳಿಕೊಡುತ್ತಾನೆ: ತಲೆಕೆಳಗು ಮಾಡಿ ಗುಣಿಸು. ‘ಏಕೆ?’ ಎಂದು ಇವನು ಕೇಳುತ್ತಾನೆ. ಆ ಲೆಕ್ಕಕ್ಕೆ ಪೂರ್ಣ ಅಂಕ ಪಡೆದಿದ್ದ ಗೆಳೆಯನಿಗೆ ಉತ್ತರ ತಿಳಿಯದು. ತನಗೆ ತಿಳಿಯದೆಂಬುದೂ ಅದುವರೆಗೆ ತಿಳಿದಿರಲಿಲ್ಲ. ಇಬ್ಬರೂ ಮೂರನ್ನು ಕಾಲರಿಂದ ಭಾಗಿಸುವ ಲೆಕ್ಕವನ್ನು ಮುಂದಿಟ್ಟುಕೊಂಡು ಕೂರುತ್ತಾರೆ. ಕೊನೆಗೆ ದಾರಿ ಹೊಳೆಯುವುದು ಮನೆಯಲ್ಲಿ ರಾಗಿ ಅಳೆದು ಬಲ್ಲ ಹುಡುಗನಿಗೇ. ಸೇರಿಗೆ ನಾಲ್ಕು ಪಾವು. ಮೂರು ಸೇರನ್ನು ಪಾವಿನಲ್ಲಿ ಅಳೆದರೆ ಹನ್ನೆರಡು. ಹೇಳಿಕೊಡಲು ಬಂದವನು ಪುಸ್ತಕ ಮುಚ್ಚಿ, ‘ಇನ್ನೊಂದು ಸಲ ಹೇಳೋ’ ಎನ್ನುತ್ತಾನೆ.