ಅರಿಸಿನದ ಕಾಗದವೂ ಮುಚ್ಚಿದ ಪುಸ್ತಕವೂ

ರಸಾಯನಶಾಸ್ತ್ರಕ್ಕೆ ದೊಡ್ಡ ಪ್ರಯೋಗಶಾಲೆಯೇ ಬೇಕೆಂದೂ, ಮನಶ್ಶಾಸ್ತ್ರವು ಪಂಡಿತರಿಗೆ ಮಾತ್ರ ಸಲ್ಲುವುದೆಂದೂ ಅನೇಕರ ಭಾವನೆ. ಆದರೆ ಅಡಿಗೆಮನೆಯ ಅರಿಸಿನವೊಂದರಿಂದಲೇ ಇವೆರಡನ್ನೂ ಆರಂಭಿಸಬಹುದು.

ಅರಿಸಿನವನ್ನು ನೀರಿನಲ್ಲಿ ಕಲಸಿ, ಬಿಳಿಯ ಕಾಗದಕ್ಕೆ ಬಳಿದು ಒಣಗಿಸಿರಿ. ಅದರ ಮೇಲೆ ಸುಣ್ಣದ ತಿಳಿನೀರಿನ ಹನಿ ಬಿದ್ದೊಡನೆ ಹಳದಿಯು ಕೆಂಪಾಗುವುದು. ನಿಂಬೆಯ ರಸವನ್ನು ಹಾಕಿದರೆ ಹಳದಿಯು ಮರಳುವುದು. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ವರ್ಣದ್ರವ್ಯವು ಕ್ಷಾರದಲ್ಲಿ ಕೆಂಪಾಗಿಯೂ ಆಮ್ಲದಲ್ಲಿ ಹಳದಿಯಾಗಿಯೂ ತೋರುವುದೇ ಇದಕ್ಕೆ ಕಾರಣ. ಅರಿಸಿನಕ್ಕೆ ಸುಣ್ಣ ಬೆರೆಸಿದ ಓಕುಳಿಯ ಕೆಂಪೂ ಇದೇ. ಇನ್ನು ಸಾಬೂನಿನ ನೀರು, ಹುಣಿಸೆಯ ರಸ ಇವು ಏನು ಮಾಡುವುವು? ಹನಿ ಹಾಕುವ ಮುನ್ನವೇ ಬಾಲಿಕೆಯರು ಊಹಿಸಿ ಹೇಳಲಿ. ಸುಣ್ಣವು ಕಣ್ಣಿಗೆ ಸಿಡಿಯದಂತೆ ಮಾತ್ರ ಎಚ್ಚರವಿರಬೇಕು.

ಈ ಪಾಠವು ಮನಸ್ಸಿನಲ್ಲಿ ಎಷ್ಟು ದಿನ ನಿಲ್ಲುವುದು? ಇದು ಮನಶ್ಶಾಸ್ತ್ರದ ಪ್ರಶ್ನೆ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠ ಮಾಡಿ, ಮರೆವು ಮೊದಲು ಶೀಘ್ರವಾಗಿಯೂ ಬಳಿಕ ನಿಧಾನವಾಗಿಯೂ ಆಗುವುದೆಂದು 1885ರಲ್ಲಿ ಪ್ರಕಟಿಸಿದನು. ಅಮೇರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬುವರು 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, 5 ನಿಮಿಷಗಳ ತರುವಾಯ ಮತ್ತೆ ಓದಿದವರೇ ಮುಂದಾದರು. ವಾರದ ತರುವಾಯವಾದರೋ, ಪುಸ್ತಕವಿಲ್ಲದೆ ನೆನೆದು ಬರೆದವರು ಅವರನ್ನು ಮೀರಿಸಿದರು.

ತರಗತಿಯನ್ನು ಎರಡು ಪಾಲು ಮಾಡಿ ಇದನ್ನೇ ಪರೀಕ್ಷಿಸಬಹುದು. ಒಂದು ಪಾಲು ಅರಿಸಿನದ ಪಾಠವನ್ನು ಮತ್ತೆ ಓದಲಿ. ಇನ್ನೊಂದು ನೆನೆದು ಬರೆಯಲಿ. ವಾರದ ಮೇಲೆ ಹೋಲಿಸಲಿ.

ಮರೆಯುವ ಮಗಳನ್ನು ಮಂದಮತಿಯೆಂದು ಜರೆಯುವುದು ಅನ್ಯಾಯ. ಮರೆವು ಎಲ್ಲರ ಮನಸ್ಸಿಗೂ ಸಹಜವಾದುದು. ಆದುದರಿಂದ ತಾಯಿತಂದೆಗಳು “ಇನ್ನೊಮ್ಮೆ ಓದು” ಎನ್ನುವುದಕ್ಕೆ ಬದಲಾಗಿ, “ಪುಸ್ತಕ ಮುಚ್ಚಿ ನನಗೆ ಹೇಳಮ್ಮ” ಎನ್ನಲಿ.