ಇಟ್ಟಿಗೆ, ನೆರಳು, ನೀರು: ಹಿಲ್ವರ್ಸಮ್ ಪುರಭವನ

ಗಿಲಾವು ಮಾಡದ ಇಟ್ಟಿಗೆ ಗೋಡೆಯೊಂದನ್ನು ಹತ್ತಿರ ನಿಂತು ನೋಡಿ. ಅದರಲ್ಲಿ ಎರಡು ಬಗೆಯ ಸಂದುಗಳಿವೆ. ಒಂದು ವರಸೆಗೂ ಅದರ ಮೇಲಿನ ವರಸೆಗೂ ನಡುವೆ ಇರುವುದು ಅಡ್ಡ ಸಂದು. ಒಂದೇ ವರಸೆಯ ಎರಡು ಇಟ್ಟಿಗೆಗಳ ನಡುವೆ ಇರುವುದು ಲಂಬ ಸಂದು. ಮೇಸ್ತ್ರಿಗಳು ಸಾಮಾನ್ಯವಾಗಿ ಎರಡನ್ನೂ ಒಂದೇ ರೀತಿ ಗಾರೆ ತುಂಬಿ ಮುಗಿಸುವುದರಿಂದ ಗೋಡೆ ಬಲೆ ಹಾಸಿದಂತೆ ಕಾಣುತ್ತದೆ.

ನೆದರ್‌ಲೆಂಡ್ಸ್‌ನ ಹಿಲ್ವರ್ಸಮ್ ಪಟ್ಟಣದ ಪುರಭವನದಲ್ಲಿ ಹಾಗೆ ಮಾಡಿಲ್ಲ. ಪುರಭವನವೆಂದರೆ ಇಲ್ಲಿ ನಾಟಕ, ಸಭೆಗಳ ಸಭಾಂಗಣವಲ್ಲ, ಪಟ್ಟಣದ ಆಡಳಿತ ನಡೆಯುವ ಕಚೇರಿ. ಎರಡು ಮಹಾಯುದ್ಧಗಳ ನಡುವೆ, 1928ರಿಂದ 1931ರ ಅವಧಿಯಲ್ಲಿ ಇದನ್ನು ಕಟ್ಟಲಾಯಿತು. ವಾಸ್ತುಶಿಲ್ಪಿ ವಿಲ್ಲೆಮ್ ಡುಡಾಕ್ (1884-1974) ಓದಿದ್ದು ಸೈನಿಕ ಅಕಾಡೆಮಿಯಲ್ಲಿ; 1915ರಲ್ಲಿ ಹಿಲ್ವರ್ಸಮ್‌ನ ಲೋಕೋಪಯೋಗಿ ಕೆಲಸಗಳ ಮುಖ್ಯಸ್ಥರಾದರು. ಕಲ್ಕತ್ತದ ಲೈಟ್‌ಹೌಸ್ ಚಿತ್ರಮಂದಿರವನ್ನು 1930ರ ದಶಕದಲ್ಲಿ ವಿನ್ಯಾಸ ಮಾಡಿದವರೂ ಇವರೇ.

ಆಗಿನ ಆಧುನಿಕ ವಾಸ್ತುಶಿಲ್ಪಿಗಳಲ್ಲಿ ಹಲವರಿಗೆ ಬಿಳಿ ಗೋಡೆ, ಗಾಜು, ಕಾಂಕ್ರೀಟ್ ಪ್ರಿಯವಾಗಿದ್ದವು. ಡುಡಾಕ್ ಇಟ್ಟಿಗೆಯನ್ನು ಬಿಡಲಿಲ್ಲ. ಕಟ್ಟಡದ ಕಲ್ಲು ವಿರಳವಾಗಿರುವ, ನದಿಯ ಜೇಡಿಮಣ್ಣು ಧಾರಾಳವಾಗಿರುವ ಆ ನಾಡಿಗೆ ಇಟ್ಟಿಗೆ ಸಹಜವೇ. ಆದರೆ ಅವರು ಆಯ್ದದ್ದು ಹಳದಿ ಬಣ್ಣದ, ತೆಳುವಾದ ಇಟ್ಟಿಗೆ. ಲಂಬ ಸಂದುಗಳು ಎದ್ದು ಕಾಣದಂತೆ ಮಾಡಿ, ಅಡ್ಡ ಸಂದಿನ ಗಾರೆಯನ್ನು ಒಳಕ್ಕೆ ಸರಿಸಿದರು.

ಇದರಿಂದ ಏನಾಗುತ್ತದೆ? ಸಂದು 10 ಮಿಲಿಮೀಟರ್ ಎತ್ತರವಿದ್ದು, ಗೋಡೆಯ ಮುಖದಿಂದ 10 ಮಿಲಿಮೀಟರ್ ಒಳಗಿದೆ ಎಂದುಕೊಳ್ಳಿ. ಮೇಲಿನ ಇಟ್ಟಿಗೆಯ ಅಂಚು ಪುಟ್ಟ ಸಜ್ಜಾದಂತೆ ನೆರಳು ಚೆಲ್ಲುತ್ತದೆ. ಸೂರ್ಯ ಗೋಡೆಯ ನೇರ ಎದುರಿಗೆ, 45 ಡಿಗ್ರಿ ಎತ್ತರದಲ್ಲಿದ್ದರೆ ನೆರಳಿನ ಉದ್ದವೂ 10 ಮಿಲಿಮೀಟರ್. ಸಂದು ಪೂರ್ತಿ ಕಪ್ಪಾಗುತ್ತದೆ. ಹಿಲ್ವರ್ಸಮ್ ಇರುವುದು ಸುಮಾರು 52 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವಿಷುವದ ದಿನ ಮಧ್ಯಾಹ್ನ ಅಲ್ಲಿ ಸೂರ್ಯನ ಎತ್ತರ 38 ಡಿಗ್ರಿ. ದಕ್ಷಿಣದ ಗೋಡೆಯ ಮೇಲೆ ನೆರಳು ಸುಮಾರು 8 ಮಿಲಿಮೀಟರ್. ಡಿಸೆಂಬರ್ ಕೊನೆಗೆ ಸೂರ್ಯ 14 ಡಿಗ್ರಿಗೆ ಇಳಿದಾಗ ಎರಡೂವರೆ ಮಿಲಿಮೀಟರ್ ಅಷ್ಟೆ. (ಆಳವನ್ನು ಕೋನದ ಟ್ಯಾಂಜೆಂಟಿನಿಂದ ಗುಣಿಸಿದರೆ ಸಾಕು, ನಿಮ್ಮ ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು.) ಲಂಬ ಗೆರೆಗಳು ಮರೆಯಾಗಿ, ಉದ್ದನೆಯ ನೆರಳಿನ ಗೆರೆಗಳಷ್ಟೇ ಉಳಿಯುವುದರಿಂದ ಕಣ್ಣು ಅಡ್ಡಡ್ಡ ಓಡುತ್ತದೆ; ಕಟ್ಟಡ ನೆಲಕ್ಕೆ ಒರಗಿ ಚಾಚಿಕೊಂಡಂತೆ ತೋರುತ್ತದೆ. ಅದಕ್ಕೆ ಎದುರಾಗಿ, ಒಂದು ಬದಿಗೆ ಸರಿದು, 50 ಮೀಟರಿಗೆ ಕೊಂಚ ಕಡಿಮೆ ಎತ್ತರದ ಗೋಪುರ ನೆಟ್ಟಗೆ ನಿಂತಿದೆ. ಮುಂದಿನ ಕೊಳದಲ್ಲಿ ಅದರ ಪ್ರತಿಬಿಂಬವೂ ಇದೆ.

ನೋಟಕ್ಕೆ ಎಲ್ಲವೂ ಇಟ್ಟಿಗೆಯೇ. ಆದರೆ ಅಗಲವಾದ ಕಿಟಕಿಯ ಮೇಲೆ ಇಟ್ಟಿಗೆಯನ್ನು ಸುಮ್ಮನೆ ಸಾಲಾಗಿ ಇಡಲಾಗದು. ಭಾರಕ್ಕೆ ಬಾಗುವ ತೊಲೆಯ ಮೇಲ್ಭಾಗ ಒತ್ತಲ್ಪಡುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ಇಟ್ಟಿಗೆ ಒತ್ತಡವನ್ನು ತಾಳುತ್ತದೆಯೇ ಹೊರತು ಎಳೆತವನ್ನಲ್ಲ. ಆ ಕೆಲಸ ಉಕ್ಕು ಮತ್ತು ಕಾಂಕ್ರೀಟಿನದು. ಹೊರಗೆ ಚಾಚಿದ ಚಪ್ಪಟೆ ಚಾವಣಿಗಳೂ ಅವುಗಳಿಂದಲೇ ಸಾಧ್ಯ.

ಈ ಚೆಲುವಿಗೆ ಬೆಲೆಯನ್ನೂ ತೆರಬೇಕು. ಹಳೆಯ ಇಳಿಜಾರು ಮಾಡಿನ ಸೂರು ಮಳೆಯನ್ನು ಗೋಡೆಯಿಂದ ದೂರ ಚೆಲ್ಲುತ್ತಿತ್ತು. ಸೂರಿಲ್ಲದ ತಾರಸಿ ಕಟ್ಟಡದಲ್ಲಿ ನೀರು ಗೋಡೆಯ ಮೇಲೆಯೇ ಹರಿಯುತ್ತದೆ. ಒಳಸರಿದ ಪ್ರತಿ ಸಂದಿನಲ್ಲೂ ಕೆಳಗಿನ ಇಟ್ಟಿಗೆಯ ಅಂಚು ಚಿಕ್ಕ ಕಟ್ಟೆಯಾಗಿ ನೀರನ್ನು ಹಿಡಿಯುತ್ತದೆ. ರಂಧ್ರಮಯವಾದ ಇಟ್ಟಿಗೆ ಅದನ್ನು ಹೀರುತ್ತದೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದಾಗ ಗಾತ್ರ ಶೇಕಡಾ 9ರಷ್ಟು ಹಿಗ್ಗುತ್ತದೆ. ವರ್ಷ ವರ್ಷವೂ ಹೀಗಾದರೆ ಇಟ್ಟಿಗೆಯ ಮುಖ ಪದರಪದರವಾಗಿ ಉದುರುತ್ತದೆ. ಗೋಡೆಯೊಳಗಿನ ಉಕ್ಕಿಗೆ ನೀರು ಮುಟ್ಟಿದರೆ ತುಕ್ಕು ಹಿಡಿದು, ಅದೂ ಹಿಗ್ಗಿ ಗೋಡೆಯನ್ನು ಸೀಳುತ್ತದೆ. 1990ರ ದಶಕದ ಮೊದಲ ಭಾಗದಲ್ಲಿ ಈ ಪುರಭವನಕ್ಕೆ ದೊಡ್ಡ ದುರಸ್ತಿ ಬೇಕಾಯಿತು. ಹೊರಮೈಯ ಇಟ್ಟಿಗೆಗಳನ್ನು ದೊಡ್ಡ ಪ್ರಮಾಣದಲ್ಲಿ ಬದಲಾಯಿಸಲಾಯಿತು. ಅಂದರೆ, ಇಂದು ಅಲ್ಲಿ ಹೋಗಿ ನೋಡುವವರಿಗೆ ಕಾಣುವ ನೆರಳಿನ ಗೆರೆಗಳು ಡುಡಾಕ್ ಅವರವು, ಇಟ್ಟಿಗೆಗಳು ಬಹುಪಾಲು ಹೊಸವು.