ಹೆಸರು ಒಂದು, ಬೀಜ ಎರಡು: ಫ್ರೆಂಚರ ‘ಮರೋಂ’ ಶಬ್ದದ ವಿಚಾರ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಹುರಳಿಯೆಂದರೆ ಮಳೆಯನ್ನೇ ನಂಬಿ ಹೊಲದಲ್ಲಿ ಬೆಳೆಯುವ ಕಾಳು; ಹುರಳಿಕಾಯಿಯೆಂದರೆ ನೀರು ಕಟ್ಟಿ ಬೆಳೆಯುವ ತರಕಾರಿ. ಮೊದಲನೆಯದು ಈ ದೇಶದ ಪುರಾತನ ಬೆಳೆ; ಎರಡನೆಯದು ಅಮೆರಿಕಾ ಖಂಡದಿಂದ ಬಂದ ಬೇರೊಂದು ಜಾತಿಯ ಗಿಡ. ಹೀಗೆ ಒಂದು ಬೆಳೆಯ ಹೆಸರು ಮತ್ತೊಂದಕ್ಕೆ ಸಲ್ಲುವುದು ಎಲ್ಲ ದೇಶಗಳಲ್ಲಿಯೂ ಉಂಟು. ಇದರಿಂದ ಒದಗಬಹುದಾದ ಅಪಾಯಕ್ಕೆ ಫ್ರೆಂಚ್ ಭಾಷೆಯ ‘ಮರೋಂ’ ಎಂಬ ಶಬ್ದವು ಒಳ್ಳೆಯ ನಿದರ್ಶನವಾಗಿದೆ.

‘ಮರೋಂ’ ಎಂಬುದು ದಕ್ಷಿಣ ಯೂರೋಪಿನ ಬೆಟ್ಟಸೀಮೆಗಳಲ್ಲಿ ಬೆಳೆಯುವ ಸಿಹಿ ಚೆಸ್ಟ್‌ನಟ್ ಮರದ ಬೀಜದ ಹೆಸರು. ಮುಳ್ಳಿನ ಕಾಯಿಯೊಳಗಿರುವ ಈ ಕಂದುಬಣ್ಣದ ಬೀಜವನ್ನು ನಮ್ಮಲ್ಲಿ ಹಲಸಿನ ಬೀಜವನ್ನು ಮಾಡುವಂತೆಯೇ ಸುಟ್ಟು ಅಥವಾ ಬೇಯಿಸಿ ತಿನ್ನುವರು; ಒಣಗಿಸಿ ಹಿಟ್ಟು ಮಾಡುವುದೂ ಉಂಟು. ಧಾನ್ಯ ಚೆನ್ನಾಗಿ ಬೆಳೆಯದ ಬೆಟ್ಟದ ಊರುಗಳಲ್ಲಿ ಇದು ಬಹುಕಾಲ ಬಡವರ ಮುಖ್ಯ ಆಹಾರವಾಗಿತ್ತು. ಇದಕ್ಕೆ ಫ್ರೆಂಚರ ಹಳೆಯ ಹೆಸರು ಲ್ಯಾಟಿನ್ ಭಾಷೆಯ ‘ಕಸ್ತಾನೆಯ’ ಎಂಬುದರಿಂದ ಹುಟ್ಟಿದ ‘ಶಾತೇನ್ಯ’. ‘ಮರೋಂ’ ಎಂಬುದಾದರೋ 16ನೆಯ ಶತಮಾನದಲ್ಲಿ ಇಟಲಿಯ ‘ಮರೋನೆ’ ಶಬ್ದದಿಂದ ಬಂದದ್ದು. ವ್ಯಾಪಾರದಲ್ಲಿ ಇವೆರಡಕ್ಕೂ ಭೇದವುಂಟು: ಒಳಸಿಪ್ಪೆಯು ತಿರುಳನ್ನು ಭಾಗಮಾಡದೆ ಒಂದೇ ಇಡೀ ತಿರುಳಾಗಿರುವ ದಪ್ಪ ಬೀಜವು ‘ಮರೋಂ’, ಭಾಗವಾಗಿರುವುದು ‘ಶಾತೇನ್ಯ’. ಬಟ್ಟೆಯ ಅಂಗಡಿಗಳಲ್ಲಿ ‘ಮರೂನ್’ ಎಂದು ಹೇಳುವ ಬಣ್ಣದ ಹೆಸರೂ ಈ ಬೀಜದಿಂದಲೇ ಬಂದಿತು.

ಫ್ರಾನ್ಸಿನಲ್ಲಿ ‘ಇಂಡಿಯಾದ ಮರೋಂ’ ಎಂದು ಕರೆಯಲ್ಪಡುವ ಇನ್ನೊಂದು ಬೀಜವಿದೆ. ಈ ಮರವು ಇಂಡಿಯಾ ದೇಶದ್ದಲ್ಲ, ಬಾಲ್ಕನ್ ಸೀಮೆಯದು. 16ನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದ ಮೂಲಕ ಪಶ್ಚಿಮ ಯೂರೋಪಿಗೆ ಬಂದಿತು. ಬೀಜವು ನೋಟಕ್ಕೆ ನಿಜವಾದ ಮರೋಂನಂತೆಯೇ ಇದ್ದರೂ ವಿಷಯುಕ್ತವಾದದ್ದು; ತಿಂದವರಿಗೆ ವಾಂತಿಭೇದಿಗಳಾಗುವುವು. ಹೆಸರನ್ನೂ ರೂಪವನ್ನೂ ನಂಬಿದವರು ಎರಡು ಬಗೆಯಲ್ಲಿ ಮೋಸಹೋಗುವರು.

ಇಂಥ ಅಪಾಯವು ನಮ್ಮ ಹೊಲಗಳ ಅಂಚಿನಲ್ಲಿಯೂ ಇಲ್ಲದಿಲ್ಲ. ಬೇಲಿಗಾಗಿ ನೆಡುವ ಮರಹರಳು ಅಥವಾ ಕಾಡುಹರಳು ಹೆಸರಿಗೆ ಹರಳಾದರೂ ಎಣ್ಣೆ ತೆಗೆಯುವ ಹರಳಿಗಿಂತ ಬೇರೆಯಾದ ಗಿಡ. ಎರಡರ ಬೀಜವೂ ವಿಷವೇ. ಮರಹರಳಿನ ತಿರುಳು ರುಚಿಯಲ್ಲಿ ಸಿಹಿಯಾಗಿರುವುದರಿಂದ ಮಕ್ಕಳು ಅದನ್ನು ತಿನ್ನುವುದುಂಟು. ತಿಂದರೆ ವಾಂತಿಭೇದಿಯಾಗಿ ನಿತ್ರಾಣರಾಗುವರು. ಆದಕಾರಣ ಶಾಲೆ, ಬಾವಿಕಟ್ಟೆ ಮತ್ತು ಮನೆಗಳ ಹತ್ತಿರ ಈ ಗಿಡವನ್ನು ನೆಡಬಾರದು. ಯಾರಾದರೂ ತಿಂದರೆ ತಡಮಾಡದೆ, ಮಿಕ್ಕ ಬೀಜವನ್ನೂ ಜೊತೆಯಲ್ಲಿಟ್ಟುಕೊಂಡು, ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಬಿತ್ತನೆಯ ಬೀಜದ ವಿಷಯದಲ್ಲಿಯೂ ಇದೇ ಎಚ್ಚರಿಕೆ ಅವಶ್ಯಕ. ಬರಿಯ ವಾಡಿಕೆಯ ಹೆಸರನ್ನು ಹೇಳಿ ಕೊಳ್ಳದೆ, ಚೀಲದ ಚೀಟಿಯಲ್ಲಿರುವ ಬೆಳೆಯ ಮತ್ತು ತಳಿಯ ಹೆಸರುಗಳನ್ನು ಓದಿ, ರಶೀದಿಯನ್ನು ಇಟ್ಟುಕೊಳ್ಳುವುದು ಉತ್ತಮ. ಗ್ರಾಮದ ಮುಖಂಡರು ಈ ಸಂಗತಿಯನ್ನು ಓದುಬಾರದ ರೈತರಿಗೂ ತಿಳಿಯಪಡಿಸಿದರೆ ಬಹಳ ಉಪಕಾರವಾಗುವುದು.